ಐದು ವೋಲ್ಟು, ಎಲ್ಲಿಂದ?

ಕುಟೈಸಿಯಲ್ಲಿ ಆ ಮಾರ್ಚಿಗೆ ನನಗೆ ಹದಿನಾಲ್ಕು.
ಲಾವಕ್ಕಿ ಮೊಟ್ಟೆ ಇಪ್ಪತ್ತಾರು,
ಸತ್ತ ಫ್ರಿಜ್ಜಿನ ತರಕಾರಿ ಡಬ್ಬ,
ತಗಡಿನ ಮರೆಯಲ್ಲಿ ಬಲ್ಬು, ಒಂದು ಬಟ್ಟಲು ನೀರು,
ಶಾಖ ಅಳೆಯಲು ಬೆಂಕಿಪೊಟ್ಟಣದಷ್ಟು ಸರ್ಕೀಟು.
ಅದಕ್ಕೆ ಬೇಕಾದದ್ದು ಐದೇ ಐದು ವೋಲ್ಟು.
ಗೋಡೆಯಲ್ಲಿದ್ದದ್ದು ಇನ್ನೂರಿಪ್ಪತ್ತು.

ಟ್ರಾನ್ಸ್‌ಫಾರ್ಮರಿಗೆ ದುಡ್ಡಿರಲಿಲ್ಲ.
ಕೆಂಪು ಕೆಪಾಸಿಟರೊಂದು, ಝೀನರೊಂದು, ಎರಡು ಡಯೋಡು,
ಚೂಯಿಂಗ್ ಗಮ್ಮಿನ ಬೆಲೆಗೆ ಕೆಲಸ ಮುಗಿದಿತ್ತು.
ಮೀಟರಿನ ಮುಳ್ಳು ಐದರ ಮೇಲೆ ಕದಲದೆ ಕೂತಿತು.
ಎಲ್ಲವನ್ನೂ ತಟ್ಟೆಯಲ್ಲಿಟ್ಟುಕೊಂಡು ಓಡಿದೆ
ಮೂರನೇ ಮಹಡಿಯ ತ್ಸಿಯಾಲಾ ಬೆಬೊಗೆ ತೋರಿಸಲು.

ಮೂವತ್ತು ವರ್ಷ ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತಿದವಳು;
ಕಾರ್ಖಾನೆಯ ಚಾವಣಿ ತಗಡೂ ಕಳುವಾದ ಮೇಲೆ
ಅವರಿವರ ರೇಡಿಯೊ, ಅವರಿವರ ಇಸ್ತ್ರಿಪೆಟ್ಟಿಗೆ.

ಹೊಗಳಲಿಲ್ಲ. ಬೈಯಲೂ ಇಲ್ಲ.
ಏಪ್ರನ್ನಿನ ಜೇಬಿನಿಂದ ಟೆಸ್ಟರು ತೆಗೆದು
ನನ್ನ ಐದು ವೋಲ್ಟಿನ ಋಣ ತುದಿಗೆ ಮುಟ್ಟಿಸಿದಳು.
ಹತ್ತಲಿಲ್ಲ. ನಾನು ನಕ್ಕೆ.
ಪ್ಲಗ್ಗು ಕಿತ್ತು, ಮಗುಚಿ ಹಾಕಿ, ಮತ್ತೆ ಮುಟ್ಟಿಸಿದಳು.
ಒಳಗಿನ ನಿಯಾನು ಕಿತ್ತಳೆ ಬಣ್ಣದಲ್ಲಿ ಕಣ್ಣು ಬಿಟ್ಟಿತು.

"ಐದೇ ವೋಲ್ಟು, ಒಪ್ಪಿದೆ. ಎಲ್ಲಿಂದ ಅಳೆದೆ?"

ನಾನು ಬಾಯಿ ತೆರೆದೆ, ಮುಚ್ಚಿದೆ.

ಒಲೆಯ ಪಕ್ಕದ ಮಣೆ ಎತ್ತಿಕೊಂಡು ಹೋಗಿ
ಬಾಲ್ಕನಿಯ ಕಟಕಟೆಯ ಮೇಲಿಟ್ಟಳು.
ಕೆಳಗೆ ಕಲ್ಲುಹಾಸು, ಹಗ್ಗದ ಮೇಲೆ ಯಾರದೋ ಬೆಡ್‌ಶೀಟು,
ತಲೆಯೆತ್ತಿ ನೋಡುವ ಬೆಕ್ಕು.
"ಮಣೆ ಎಷ್ಟೆತ್ತರ?"
"ಒಂದು ಗೇಣು."
"ಹತ್ತಿ ನಿಲ್ಲು ಹಾಗಾದರೆ. ಗೇಣೇ ಅಲ್ಲವೇ?"

ಆಮೇಲೆ ಕೇಳಿದಳು:
"ಬಟ್ಟಲಿಗೆ ನೀರು ತುಂಬಲು ಕೈ ಹಾಕುವವರು ಯಾರು?"
"ನಾನು. ಒಮ್ಮೊಮ್ಮೆ ಎಕಾ."
ತಂಗಿಗಾಗ ಆರು ವರ್ಷ.
ಬೆಬೊ ಏನೂ ಅನ್ನಲಿಲ್ಲ. ಪ್ಲಗ್ಗು ಕಿತ್ತಳು,
ಸ್ಕ್ರೂಡ್ರೈವರಿನಿಂದ ಕೆಂಪು ಕೆಪಾಸಿಟರಿನ ಎರಡು ಕಾಲು ಸೇರಿಸಿದಳು.
ಚಟ್ ಅಂದಿತು.
ಗೋಡೆ ಬಿಟ್ಟು ಬಂದಮೇಲೂ ಅದು ಗೋಡೆಯನ್ನು ಮರೆತಿರಲಿಲ್ಲ.

ಆ ರಾತ್ರಿ ಮೇಣಬಟ್ಟೆ ಹಾಸಿದ ಮೇಜಿನ ಮೇಲೆ
ನಡುವೆ ಗೋಡೆಯುಳ್ಳ ಪ್ಲಾಸ್ಟಿಕ್ ರಾಟೆ.
ಆ ಕಡೆ ಕೂದಲಿನಂಥ ತಂತಿ, ಎರಡು ಸಾವಿರದ ಇನ್ನೂರು ಸುತ್ತು;
ಈ ಕಡೆ ದಪ್ಪನೆಯದು, ತೊಂಬತ್ತಾರೇ.
ಅವಳು ತಿರುವಿದಳು, ನಾನು ಎಣಿಸಿದೆ.
ಸಾವಿರದ ನಾನೂರರ ಹತ್ತಿರ ಎಕಾ ಸೀನಿದಳು, ಎಣಿಕೆ ತಪ್ಪಿತು.
ಎಲ್ಲ ಬಿಚ್ಚಿಸಿದಳು, ಮುದುಕಿ!
"ನಾಲ್ಕು ಸುತ್ತು ಆಚೀಚೆ ಆದರೆ ಕಬ್ಬಿಣ ಕ್ಷಮಿಸುತ್ತದೆ.
ನಿನ್ನನ್ನು ನೀನೇ ಕ್ಷಮಿಸುವುದನ್ನು ಇಷ್ಟು ಬೇಗ ಕಲಿಯಬೇಡ."

ಎರಡು ಕೋಣೆ, ನಡುವೆ ಬಾಗಿಲಿಲ್ಲ.
ತಂತಿ ತಂತಿಯನ್ನು ಸೋಕುವುದಿಲ್ಲ.
ಆದರೂ ಅಲ್ಲಿ ಕಂಪಿಸಿದ್ದು ಇಲ್ಲಿ ಕಂಪಿಸುತ್ತದೆ,
ಮೆತ್ತಗೆ, ಇಪ್ಪತ್ತಮೂರರಲ್ಲಿ ಒಂದು ಪಾಲಾಗಿ.
"ಇಳಿಸುವುದು ಅರ್ಧ ಕೆಲಸ, ಗೋಚಾ.
ಬಿಡಿಸುವುದು ಇನ್ನರ್ಧ."

ಕೈಯಿಂದ ತಿರುವುವ ಹಳೆಯ ಮೆಗ್ಗರು ತಂದು
ಐನೂರು ವೋಲ್ಟಿನಿಂದ ಆ ಗೋಡೆಯನ್ನು ತಟ್ಟಿ ನೋಡಿದಳು.
ಮುಳ್ಳು ಮಲಗಿದ ಎಂಟರ ಕಡೆ ಹೋಗಿ ನಿಂತಿತು.
ಆಚೆಗೆ ನಾಲ್ಕು ಡಯೋಡು, ಹೊಟ್ಟೆ ದಪ್ಪನೆಯ ಕೆಪಾಸಿಟರು,
ಮೂರು ಕಾಲಿನ ರೆಗ್ಯುಲೇಟರು.
ಎಲ್ಲಕ್ಕೂ ಮುಂದೆ, ಗೋಡೆಯ ಬದಿಗೆ, ಗಾಜಿನ ಕೊಳವೆಯಲ್ಲಿ ಫ್ಯೂಸು:
ಮನೆಗಿಂತ ಮೊದಲು ಸಾಯಲು ಒಪ್ಪಿಕೊಂಡ
ಒಂದೇ ಒಂದು ಸಾಮಾನು.

ಹದಿನೇಳನೇ ದಿನ, ಇಪ್ಪತ್ತಾರರಲ್ಲಿ ಹನ್ನೊಂದು ಒಡೆದವು.
ಎಕಾ ಪಾತ್ರೆ ತೊಳೆಯುತ್ತಿದ್ದವಳು ಕಿರುಚಿಕೊಂಡು ಬಂದು
ಒದ್ದೆ ಕೈ ಮೊಣಕೈತನಕ ಒಳಗೆ ಹಾಕಿದಳು,
ಬೆತ್ತಲೆ ತಂತಿಯ ತುದಿ ದಾಟಿ,
ನೀರಿನ ಬಟ್ಟಲು ಉರುಳಿಸಿ,
ಹೆಬ್ಬೆರಳಿನಷ್ಟು ಮರಿಯನ್ನು ಎತ್ತಿಕೊಂಡಳು.

ಏನೂ ಆಗಲಿಲ್ಲ.

ಆ ಏನೂ ಆಗದಿರುವುದನ್ನೇ
ಬೆಬೊ ಮತ್ತು ನಾನು ಸುತ್ತಿದ್ದೆವು
ಎರಡು ಸಾವಿರದ ಇನ್ನೂರು ಸಲ,
ಒಮ್ಮೆ ತಪ್ಪಿ, ಬಿಚ್ಚಿ,
ಇನ್ನೊಮ್ಮೆ.